ಜೋಡಿಸುವುದು ಬಂತು, ಮಾಡುವುದು ಯಾವಾಗ?

2025ರ ಆಗಸ್ಟಿನಲ್ಲಿ ದೇಶದ ತಯಾರಿಕಾ ವಲಯದ ಬಗ್ಗೆ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಕಂಪನಿಗಳ ಖರೀದಿ ವ್ಯವಸ್ಥಾಪಕರನ್ನು ಕೇಳಿ ಸಿದ್ಧಪಡಿಸುವ ಪಿಎಂಐ ಸೂಚ್ಯಂಕ ಆ ತಿಂಗಳು 59.3ಕ್ಕೆ ಏರಿತು. ಹದಿನೇಳು ವರ್ಷಗಳಿಂದ ಅದು ಅಷ್ಟು ಎತ್ತರ ಮುಟ್ಟಿರಲಿಲ್ಲ. ಅದೇ ತಿಂಗಳ 27ರಂದು ಭಾರತದ ಸರಕಿನ ಮೇಲೆ ಅಮೆರಿಕ ಹಾಕುವ ಸುಂಕ ಶೇ 50ಕ್ಕೆ ಹೋಯಿತು. ತಿರುಪ್ಪೂರಿನ ಉಡುಪು, ಸೂರತ್ತಿನ ವಜ್ರ, ಚರ್ಮದ ಸರಕು, ಎಂಜಿನಿಯರಿಂಗ್ ಬಿಡಿಭಾಗ ಎಲ್ಲಕ್ಕೂ ಪೆಟ್ಟು ಬಿತ್ತು. ಸ್ಮಾರ್ಟ್‌ಫೋನು, ಔಷಧದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇತ್ತು.

ಎರಡೂ ಸುದ್ದಿ ನಿಜ. ಪಿಎಂಐ ಲೆಕ್ಕದಲ್ಲಿ 50 ದಾಟಿದರೆ ಹಿಂದಿನ ತಿಂಗಳಿಗಿಂತ ಕೆಲಸ ಹೆಚ್ಚಾಗಿದೆ ಎಂದರ್ಥ. ಅದಕ್ಕಾಗಿ ಪ್ರಶ್ನೆ ಕೇಳುವುದು ಸುಮಾರು 400 ಕಂಪನಿಗಳನ್ನು. ಬೆಂಗಳೂರಿನ ಪೀಣ್ಯದ ಅಡ್ಡರಸ್ತೆಯಲ್ಲಿ ಮೂರು ಯಂತ್ರ, ಐದು ಜನ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಶೆಡ್ಡಿನ ಮಾತು ಆ ಅಂಕಿಗೆ ಕೇಳಿಸುವುದಿಲ್ಲ. ತಯಾರಿಕಾ ವಲಯ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅಂಥ ಶೆಡ್ಡು. ಫೋನಿನ ರಫ್ತು ಎಷ್ಟಾಯಿತು ಎಂಬುದಕ್ಕಿಂತ, ಆ ಶೆಡ್ಡಿನಲ್ಲಿ ಏನು ತಯಾರಾಗುತ್ತಿದೆ, ಯಾವ ಯಂತ್ರದಲ್ಲಿ ತಯಾರಾಗುತ್ತಿದೆ, ದುಡ್ಡು ಯಾವಾಗ ಕೈಸೇರುತ್ತಿದೆ ಎಂಬುದರಿಂದ ಈ ವಲಯದ ಆರೋಗ್ಯ ಹೆಚ್ಚು ಸರಿಯಾಗಿ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಒಟ್ಟಾರೆ ಚಿತ್ರ ನೋಡೋಣ. 2011ರ ರಾಷ್ಟ್ರೀಯ ತಯಾರಿಕಾ ನೀತಿ ಒಂದು ಗುರಿ ಇಟ್ಟುಕೊಂಡಿತ್ತು: 2022ರ ಹೊತ್ತಿಗೆ ಜಿಡಿಪಿಯಲ್ಲಿ ತಯಾರಿಕೆಯ ಪಾಲು ಶೇ 25 ಆಗಬೇಕು, 10 ಕೋಟಿ ಉದ್ಯೋಗ ಹೊಸದಾಗಿ ಹುಟ್ಟಬೇಕು. ಸರ್ಕಾರ ಬದಲಾಯಿತು, 2014ರ ಸೆಪ್ಟೆಂಬರ್ 25ರಂದು ‘ಮೇಕ್ ಇನ್ ಇಂಡಿಯಾ’ ಆರಂಭವಾಯಿತು, ಗುರಿ ಅದೇ ಉಳಿಯಿತು. 2022 ಕಳೆಯಿತು, 2025 ಕೂಡ ಕಳೆಯಿತು. ಬೇರೆ ಬೇರೆ ಲೆಕ್ಕಗಳು ಬೇರೆ ಬೇರೆ ಅಂಕಿ ಕೊಟ್ಟರೂ ಪಾಲು ಶೇ 13ರಿಂದ 17ರ ನಡುವೆಯೇ ಓಲಾಡುತ್ತಿದೆ. ಚೀನಾ, ವಿಯೆಟ್ನಾಂಗಳಲ್ಲಿ ಇದು ಶೇ 25ರ ಆಸುಪಾಸಿನಲ್ಲಿದೆ. ದುಡಿಯುವ ನೂರು ಜನರಲ್ಲಿ ನಮ್ಮಲ್ಲಿ 2023–24ರಲ್ಲೂ 46 ಮಂದಿ ಹೊಲದಲ್ಲಿದ್ದರು, ತಯಾರಿಕೆಯಲ್ಲಿದ್ದವರು ಹನ್ನೊಂದು ಹನ್ನೆರಡು ಮಂದಿ ಮಾತ್ರ.

ಹಾಗಾದರೆ ಈ ಹತ್ತು ವರ್ಷಗಳಲ್ಲಿ ಏನೂ ಆಗಲಿಲ್ಲವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಯ ಹೊತ್ತಿಗೆ ಹೋಗಿ ನೋಡಿ. ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯ ಹೆಣ್ಣುಮಕ್ಕಳು ಬಸ್ಸುಗಳಿಂದ ಸಾಲಾಗಿ ಇಳಿಯುತ್ತಾರೆ. ಅಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಘಟಕ 2023ರಲ್ಲಿ ಟಾಟಾ ತೆಕ್ಕೆಗೆ ಬಂತು. ದೇವನಹಳ್ಳಿ ಸಮೀಪ 300 ಎಕರೆಯಲ್ಲಿ ಫಾಕ್ಸ್‌ಕಾನ್ ಘಟಕ ಎದ್ದಿದೆ. 2020ರಲ್ಲಿ ಶುರುವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ, ಎಲ್ಲರ ಬಾಯಲ್ಲಿರುವ ಪಿಎಲ್‌ಐ, ಫೋನಿನ ವಿಷಯದಲ್ಲಿ ಫಲ ಕೊಟ್ಟಿದೆ. ಫೋನು ಆಮದು ಮಾಡಿಕೊಳ್ಳುತ್ತಿದ್ದ ದೇಶ ಐದಾರು ವರ್ಷಗಳಲ್ಲಿ ಫೋನು ರಫ್ತು ಮಾಡುವ ದೇಶವಾಗಿದೆ. ಮೊದಲ ಸಂಬಳ, ಪಿಎಫ್ ಖಾತೆ, ತನ್ನದೇ ಹೆಸರಿನ ಎಟಿಎಂ ಕಾರ್ಡು ಒಬ್ಬ ಹಳ್ಳಿ ಹುಡುಗಿಯ ಬದುಕನ್ನು ಎಷ್ಟು ಬದಲಿಸುತ್ತದೆ ಎಂಬುದು ಅಂಥ ಮನೆಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಇದನ್ನು ‘ಬರೀ ಜೋಡಣೆ’ ಎಂದು ಹೀಗಳೆಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಜೋಡಣೆ ಜೋಡಣೆಯೇ. ಇಲ್ಲಿಂದ ಹೊರಡುವ ಐಫೋನಿನ ಬೆಲೆಯಲ್ಲಿ ನಮ್ಮ ನೆಲದಲ್ಲಿ ಹುಟ್ಟಿದ ಮೌಲ್ಯ ಐದನೇ ಒಂದು ಭಾಗದಷ್ಟು ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. ಪರದೆ, ಚಿಪ್, ಕ್ಯಾಮೆರಾ ಮಾಡ್ಯೂಲು, ಬ್ಯಾಟರಿಯೊಳಗಿನ ಸೆಲ್ಲು ಹೊರಗಿನಿಂದ ಬರುತ್ತವೆ. ಜೋಡಣಾ ಸಾಲಿನಲ್ಲಿ ನಿಂತಿರುವ ಯಂತ್ರಗಳಲ್ಲೂ ಬಹುಪಾಲು ಹೊರಗಿನವೇ. 2024–25ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ 99.2 ಶತಕೋಟಿ ಡಾಲರ್ ಮುಟ್ಟಿತು. ಫೋನಿನ ರಫ್ತು ಏರಿದ ಕಾಲದಲ್ಲೇ ಈ ಕೊರತೆಯೂ ಏರಿದ್ದು ಆಕಸ್ಮಿಕವೇನಲ್ಲ. ನಾವು ಹೆಚ್ಚು ಜೋಡಿಸಿದಷ್ಟೂ ಜೋಡಿಸಲು ಬೇಕಾದ ಸಾಮಾನು ಅಲ್ಲಿಂದ ಹೆಚ್ಚು ತರಬೇಕಾಗುತ್ತದೆ.

ಫೋನನ್ನು ಪಕ್ಕಕ್ಕಿಟ್ಟು ಯಂತ್ರದ ಕಡೆ ತಿರುಗೋಣ. ಅಸಲಿ ಕಥೆ ಇರುವುದು ಅಲ್ಲಿ.

ಕಬ್ಬಿಣ ಕೆತ್ತುವ, ಕೊರೆಯುವ, ಸಾಣೆ ಹಿಡಿಯುವ ಯಂತ್ರಗಳನ್ನು ಈ ಕಸುಬಿನವರು ‘ತಾಯಿ ಯಂತ್ರ’ ಎನ್ನುತ್ತಾರೆ. ಕಾರಿನ ಗೇರು, ಪಂಪಿನ ಶಾಫ್ಟು, ವಿಮಾನದ ಬ್ರಾಕೆಟ್ಟು, ಪ್ಲಾಸ್ಟಿಕ್ ಬಕೆಟ್ಟಿನ ಅಚ್ಚು ಎಲ್ಲವೂ ಇವುಗಳ ಹೊಟ್ಟೆಯಿಂದಲೇ ಹುಟ್ಟಬೇಕು. ಈ ಯಂತ್ರಗಳ ಉದ್ಯಮಕ್ಕೆ ದೇಶದಲ್ಲಿ ರಾಜಧಾನಿ ಎಂಬುದೊಂದಿದ್ದರೆ ಅದು ಬೆಂಗಳೂರು ಮತ್ತು ತುಮಕೂರು ರಸ್ತೆ. ಭಾರತ್ ಫ್ರಿಟ್ಜ್ ವರ್ನರ್, ಏಸ್ ಮೈಕ್ರೋಮ್ಯಾಟಿಕ್ ಬೆಳೆದದ್ದು ಇಲ್ಲಿ. ಇವಕ್ಕೆ ಬೇಕಾದ ಸಂಶೋಧನೆ ಮಾಡಲೆಂದೇ 1962ರಲ್ಲಿ ಹುಟ್ಟಿದ ಸಂಸ್ಥೆ ಸಿಎಂಟಿಐ ಅದೇ ರಸ್ತೆಯಲ್ಲಿದೆ. ಯಂತ್ರಗಳ ದೊಡ್ಡ ಪ್ರದರ್ಶನ ಇಮ್‌ಟೆಕ್ಸ್ ನಡೆಯುವುದೂ ಅದೇ ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ.

ಇಲ್ಲಿ ತಯಾರಾದ ಒಂದು ವಿಎಂಸಿಯನ್ನು, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೆತ್ತುವ, ಕೊರೆಯುವ ಯಂತ್ರವನ್ನು, ಬಿಚ್ಚಿ ನೋಡಿ. ಅದರ ತಳಭಾಗ, ಕಂಬ ಎರಡೂ ಎರಕದ ಕಬ್ಬಿಣ. ಬೆಳಗಾವಿ, ಶಿವಮೊಗ್ಗ, ಕೊಲ್ಹಾಪುರ, ಕೊಯಮತ್ತೂರಿನ ಫೌಂಡ್ರಿಗಳು ಇದನ್ನು ಚೆನ್ನಾಗಿಯೇ ಎರೆಯುತ್ತವೆ. ಮೇಲಿನ ಶೀಟ್ ಮೆಟಲ್ ಕವಚ ನಮ್ಮದು. ಕೂಲೆಂಟ್ ಟ್ಯಾಂಕು, ವೈರಿಂಗು, ಪೇಂಟು ನಮ್ಮವು. ಮುಂದಕ್ಕೆ ಹೋದಂತೆ ಊರುಗಳ ಹೆಸರು ಬದಲಾಗುತ್ತವೆ. ಟೇಬಲ್ಲನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಹಿಂದೆ ಮುಂದೆ ಸರಿಸುವ ಬಾಲ್ ಸ್ಕ್ರೂ, ಅದು ಜಾರುವ ಎಲ್‌ಎಂ ಗೈಡು ಬರುವುದು ಹೆಚ್ಚಾಗಿ ಜಪಾನ್, ತೈವಾನ್‌ಗಳಿಂದ. ಸ್ಪಿಂಡಲ್ಲಿನ ನಿಖರ ಬೇರಿಂಗು ಜಪಾನ್ ಅಥವಾ ಜರ್ಮನಿಯದು. ಇಡೀ ಯಂತ್ರದ ಮಿದುಳಾದ ಕಂಟ್ರೋಲರ್, ಅದರ ಜೊತೆ ಬರುವ ಸರ್ವೋ ಮೋಟರು ಮತ್ತು ಡ್ರೈವು ಫಾನುಕ್, ಸೀಮೆನ್ಸ್, ಮಿತ್ಸುಬಿಷಿಯವು. ಕೊನೆಗೆ ಲೋಹ ಕೆತ್ತುವ ಇನ್ಸರ್ಟ್. ಉಗುರಿನಷ್ಟೂ ಇಲ್ಲದ ಆ ಚೂರು ಟಂಗ್‌ಸ್ಟನ್ ಕಾರ್ಬೈಡಿನದು, ಜಗತ್ತಿನ ಟಂಗ್‌ಸ್ಟನ್ನಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಅಗೆದು ತೆಗೆಯುವುದು ಚೀನಾ. 2025ರ ಫೆಬ್ರುವರಿಯಲ್ಲಿ ಅದು ಟಂಗ್‌ಸ್ಟನ್ ರಫ್ತಿಗೆ ಪರವಾನಗಿ ನಿಯಮ ತಂದ ಮೇಲೆ ಇನ್ಸರ್ಟಿನ ಬೆಲೆ ಏರುತ್ತಲೇ ಹೋಯಿತು. ಒಂದೊಂದು ಇನ್ಸರ್ಟನ್ನೂ ಎಲ್ಲ ಮೂಲೆ ತಿರುಗಿಸಿ ಸವೆಸುವ ಶೆಡ್ಡಿನವರಿಗೆ ಅದು ದಿನವೂ ಬೀಳುವ ಏಟು.

ಅಂದರೆ ಯಂತ್ರದ ತೂಕವೆಲ್ಲ ನಮ್ಮದು, ನಿಖರತೆ ಹೊರಗಿನವರದು. ಇಷ್ಟಾದರೂ ದೇಶ ಕೊಳ್ಳುವ ಇಂಥ ಯಂತ್ರಗಳಲ್ಲಿ ಅರ್ಧದಷ್ಟು ಈಗಲೂ ಇಡಿಯಾಗಿ ಆಮದಾಗುತ್ತವೆ.

ಈ ಅವಲಂಬನೆಯ ಬೆಲೆ ಎಷ್ಟೆಂಬುದನ್ನು 2025ರ ಏಪ್ರಿಲ್ ತೋರಿಸಿಕೊಟ್ಟಿತು. ಆ ತಿಂಗಳ 4ರಂದು ಚೀನಾ ಏಳು ವಿರಳ ಭೂಧಾತುಗಳು ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಅಂಕೆ ಹಾಕಿತು. ಒಂದು ಎಲೆಕ್ಟ್ರಿಕ್ ಸ್ಕೂಟರಿನ ಒಟ್ಟು ವೆಚ್ಚದಲ್ಲಿ ಆಯಸ್ಕಾಂತದ ಪಾಲು ತೀರಾ ಸಣ್ಣದು. ಅದಿಲ್ಲದೆ ಮೋಟರು ತಿರುಗುವುದಿಲ್ಲ, ಮೋಟರಿಲ್ಲದೆ ಸ್ಕೂಟರು ಹೊರಡುವುದಿಲ್ಲ. ಕೆಲವೇ ವಾರಗಳಲ್ಲಿ ವಾಹನ ಕಂಪನಿಗಳು ಉತ್ಪಾದನೆ ತಗ್ಗಿಸುವ ಮಾತಾಡತೊಡಗಿದವು. ನಮ್ಮಲ್ಲಿ ಕಚ್ಚಾವಸ್ತು ಇಲ್ಲದೆ ಹೀಗಾಯಿತೇ? ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳಿನಲ್ಲಿ ಈ ಧಾತುಗಳಿರುವ ಖನಿಜ ಮೊನಜೈಟ್ ಇದೆ. ಅದನ್ನು ಸಂಸ್ಕರಿಸುವ ಸರ್ಕಾರಿ ಕಂಪನಿ 1950ರಿಂದಲೂ ಇದೆ. ಮರಳಿನಿಂದ ಆಕ್ಸೈಡು, ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಅದರಿಂದ ಆಯಸ್ಕಾಂತ ಎಂಬ ಏಣಿಯ ನಡುವಿನ ಮೆಟ್ಟಿಲುಗಳನ್ನು ಮಾತ್ರ ನಾವು ಕಟ್ಟಿಕೊಳ್ಳಲಿಲ್ಲ. ಅಗ್ಗದ ಆಯಸ್ಕಾಂತ ಕೈಗೆ ಸಿಗುತ್ತಿದ್ದಾಗ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಸಾಮರ್ಥ್ಯಕ್ಕಾಗಿ 7,280 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಪೆಟ್ಟು ಬಿದ್ದ ಮೇಲೆ, 2025ರ ನವೆಂಬರಿನಲ್ಲಿ.

ನಡುವಿನ ಮೆಟ್ಟಿಲು ಕಟ್ಟಲು ನಮಗೆ ಬರುವುದೇ ಇಲ್ಲ ಎನ್ನುವವರಿಗೆ ಹಳೆಯದೊಂದನ್ನು ನೆನಪಿಸಬೇಕು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೂ ಹೋದವು. ಹಳೆಯ ವರ್ಕ್‌ಶಾಪುಗಳಲ್ಲಿ ಅವು ಇಂದಿಗೂ ತಿರುಗುತ್ತಿವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದಲ್ಲಿ ಎಚ್‌ಎಂಟಿ ಹುಟ್ಟಿತು. ಜನರ ಮನಸ್ಸಿನಲ್ಲಿ ಎಚ್‌ಎಂಟಿ ಎಂದರೆ ಕೈಗಡಿಯಾರ, ಆದರೆ ಅದರ ಹೆಸರಿನ ‘ಎಂಟಿ’ ಮೆಷಿನ್ ಟೂಲ್ಸ್. ಗಡಿಯಾರಕ್ಕಿಂತ ದೊಡ್ಡ ಕೊಡುಗೆಯೊಂದನ್ನು ಅದು ಬಿಟ್ಟುಹೋಯಿತು. ಅಲ್ಲಿ, ಬಿಇಎಲ್‌ನಲ್ಲಿ, ಎಚ್‌ಎಎಲ್‌ನಲ್ಲಿ ಕೈ ಪಳಗಿಸಿಕೊಂಡ ಫಿಟ್ಟರು, ಟರ್ನರು, ಟೂಲ್ ಮೇಕರುಗಳು ಹೊರಬಂದು ಪೀಣ್ಯದಲ್ಲಿ ಸ್ವಂತ ಶೆಡ್ಡು ಹಾಕಿದರು. ಆ ದೊಡ್ಡ ಕಾರ್ಖಾನೆಗಳೇ ಅವರಿಗೆ ಮೊದಲ ಆರ್ಡರು ಕೊಟ್ಟವು. ಒಂದು ಶೆಡ್ಡಿನಲ್ಲಿ ಟರ್ನಿಂಗು, ಪಕ್ಕದಲ್ಲಿ ಗ್ರೈಂಡಿಂಗು, ಎದುರು ಸಾಲಿನಲ್ಲಿ ಹೀಟ್ ಟ್ರೀಟ್‌ಮೆಂಟು, ಆಚೆ ಬೀದಿಯಲ್ಲಿ ಪ್ಲೇಟಿಂಗು. ಬೆಳಿಗ್ಗೆ ಡ್ರಾಯಿಂಗ್ ಹಿಡಿದು ಹೋದವನು ಟೆಂಪೊ ಗಾಡಿಯಲ್ಲೇ ನಾಲ್ಕು ಕಡೆ ಸುತ್ತಿ ಮರುದಿನ ಮಾಲು ತರಬಲ್ಲ. ಜಗತ್ತಿನ ಯಾವ ಕೈಗಾರಿಕಾ ನಗರಕ್ಕಾದರೂ ಇದೇ ನಿಜವಾದ ಆಸ್ತಿ. ಹರಿಹರದ ಕಾರ್ಖಾನೆ ಬಾಗಿಲು ಹಾಕಿತು, ಎಚ್‌ಎಂಟಿ ಸೊರಗಿತು. ಯಂತ್ರಗಳು ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಬಗೆಗೆ, ತಿರುಗಿದ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯಲು ಬೇಕಾದ ಹಣ, ತಾಳ್ಮೆ ಎರಡನ್ನೂ ನಾವು ಹಾಕಲಿಲ್ಲ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಇಂದಿಗೂ ಜಿಡಿಪಿಯ ಶೇ 0.64ರಷ್ಟು, ಚೀನಾ ಶೇ 2.5ಕ್ಕೂ ಹೆಚ್ಚು.

ಇನ್ನು ದುಡ್ಡಿನ ಮಾತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಯೊಳಗೇ ಕಂಡದ್ದು.

ನನ್ನ ಸೋದರಮಾವ ಪೀಣ್ಯ ಎರಡನೇ ಹಂತದಲ್ಲಿ ಎರಡು ಸಿಎನ್‌ಸಿ ಲೇತು ಇಟ್ಟುಕೊಂಡಿದ್ದರು. ಕೆಲಸಕ್ಕೆ ಕೊರತೆ ಇರಲಿಲ್ಲ, ಮಾಲು ವಾಪಸು ಬಂದದ್ದೂ ಅಪರೂಪ. ಅವರನ್ನು ಹೈರಾಣಾಗಿಸಿದ್ದು ಕ್ಯಾಲೆಂಡರು. ಕಬ್ಬಿಣದ ವ್ಯಾಪಾರಿ ಮುಂಗಡ ಹಣವಿಲ್ಲದೆ ರಾಡು ಕೊಡುವುದಿಲ್ಲ. ತಿಂಗಳ ಏಳಕ್ಕೆ ಹುಡುಗರಿಗೆ ಸಂಬಳ ಆಗಬೇಕು. ಕರೆಂಟು ಬಿಲ್ಲು ಕಾಯುವುದಿಲ್ಲ. ಒಂದು ಲಕ್ಷ ರೂಪಾಯಿಯ ಮಾಲು ಕಳಿಸಿ ಬಿಲ್ಲು ಹಾಕಿದರೆ ಅದರ ಮೇಲಿನ 18,000 ರೂಪಾಯಿ ಜಿಎಸ್‌ಟಿ, ಕಚ್ಚಾಮಾಲಿಗೆ ಕಟ್ಟಿದ ತೆರಿಗೆ ಕಳೆದು, ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಹೋಗಬೇಕು. ಮಾಲು ಕೊಂಡವನು ದುಡ್ಡು ಕೊಟ್ಟಿದ್ದಾನೋ ಇಲ್ಲವೋ ಎಂದು ತೆರಿಗೆ ಕಾನೂನು ಕೇಳುವುದಿಲ್ಲ. ಅವರ ಮುಖ್ಯ ಗಿರಾಕಿಯಾಗಿದ್ದ ದೊಡ್ಡ ಕಂಪನಿಯೊಂದು ದುಡ್ಡು ಕೊಡಲು ನೂರಿಪ್ಪತ್ತು ದಿನ ತೆಗೆದುಕೊಳ್ಳುತ್ತಿತ್ತು. ಫೋನು ಮಾಡಿದರೆ “ಫೈಲು ಅಕೌಂಟ್ಸ್‌ನಲ್ಲಿದೆ ಸಾರ್” ಎಂಬ ಉತ್ತರ. “ಕೇಸು ಹಾಕಬಹುದಲ್ಲ ಮಾಮ, ಕಾನೂನಿದೆಯಲ್ಲ” ಎಂದು ಒಮ್ಮೆ ಕೇಳಿದ್ದೆ. “ಕೇಸು ಗೆಲ್ತೀನಪ್ಪ, ಮಾರನೇ ದಿನ ಆರ್ಡರು ಯಾರು ಕೊಡ್ತಾರೆ?” ಎಂದರು. ನಾಲ್ಕು ತಿಂಗಳು ಆ ಕಂಪನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟವರು ಅವರು, ಅದಕ್ಕಾಗಿ ಬ್ಯಾಂಕಿನ ಓವರ್‌ಡ್ರಾಫ್ಟಿಗೆ ಬಡ್ಡಿ ಕಟ್ಟಿದವರೂ ಅವರೇ.

ಕಾನೂನು ಇರುವುದು ನಿಜ. ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) 2006ರ ಕಾಯ್ದೆ ಪ್ರಕಾರ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದು ಕಾಗದದ ಮೇಲೇ ಉಳಿದಾಗ ಆದಾಯ ತೆರಿಗೆ ಕಾಯ್ದೆಗೆ ಇನ್ನೊಂದು ಕಲಮು ಸೇರಿತು: ಕಿರು ಮತ್ತು ಸಣ್ಣ ಉದ್ಯಮಕ್ಕೆ ಸಮಯಕ್ಕೆ ಹಣ ಕೊಡದಿದ್ದರೆ, ಕೊಟ್ಟ ವರ್ಷದಲ್ಲಷ್ಟೇ ಆ ಮೊತ್ತವನ್ನು ಖರ್ಚು ಎಂದು ತೋರಿಸಲು ಅವಕಾಶ. ಇದಕ್ಕೆ ಹೆದರಿ ಕೆಲವು ಕಡೆ ಪಾವತಿ ಬೇಗವಾಯಿತು. ಇನ್ನು ಕೆಲವು ಕಡೆ ಗಿರಾಕಿಗಳು ಬೇರೆ ದಾರಿ ಹುಡುಕಿದರು. ಸಣ್ಣ ಉದ್ಯಮವೆಂದು ಗುರುತಿಸುವ ಸರ್ಕಾರಿ ‘ಉದ್ಯಮ್’ ನೋಂದಣಿ ಇಲ್ಲದವರ ಬಳಿ ಮಾಲು ಕೊಳ್ಳುವುದು, ನೋಂದಣಿ ರದ್ದುಮಾಡಿಸಿಕೋ ಎಂದು ಒತ್ತಾಯಿಸುವುದು ನಡೆಯಿತು. ಸಣ್ಣವನನ್ನು ಕಾಯಲು ತಂದ ನಿಯಮ ಸಣ್ಣವನಿಗೇ ತೊಡಕಾಗಿದ್ದು ಹೀಗೆ. ನನ್ನ ಮಾವ ಆರು ವರ್ಷದ ಹಿಂದೆ ಎರಡೂ ಲೇತು ಮಾರಿ ಶೆಡ್ಡು ಬಿಟ್ಟುಕೊಟ್ಟರು. ಈಗ ಅಲ್ಲಿ ಗೋದಾಮಿದೆ. ಕೈಯಲ್ಲಿ ದುಡ್ಡು ಓಡಾಡುತ್ತಿದ್ದರೆ ಅವರು ಮೂರನೇ ಯಂತ್ರ ತರುತ್ತಿದ್ದರು, ಅಳತೆಗೆ ಒಳ್ಳೆಯ ಸಿಎಂಎಂ ಕೊಳ್ಳುತ್ತಿದ್ದರು, ಇನ್ನಷ್ಟು ನಾಜೂಕಿನ ಕೆಲಸಕ್ಕೆ ಕೈ ಹಾಕುತ್ತಿದ್ದರು. ನಿಖರತೆ ಬೆಳೆಯುವುದು ಇಂಥ ಎರಡನೇ, ಮೂರನೇ ಹೂಡಿಕೆಯಲ್ಲಿ. ನೂರಿಪ್ಪತ್ತು ದಿನದ ಕಾಯುವಿಕೆ ಅದನ್ನೇ ಕೊಂದುಹಾಕುತ್ತದೆ.

ಕೆಲಸಗಾರರ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. ನೋಂದಾಯಿತ ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರ ಪಾಲು ಈ ಶತಮಾನದ ಆರಂಭದಲ್ಲಿ ಐದರಲ್ಲಿ ಒಂದರಷ್ಟಿತ್ತು. ಈಗ ಐದರಲ್ಲಿ ಎರಡನ್ನು ದಾಟಿದೆ. ಹನ್ನೊಂದು ತಿಂಗಳಿಗೆ ಹೊರಹೋಗಬೇಕಾದ ಹುಡುಗನಿಗೆ ಯಂತ್ರದ ಗುಟ್ಟು ಹೇಳಿಕೊಡುವ ಹಿರಿಯನಿಲ್ಲ, ಕಲಿಯುವ ಆಸೆ ಹುಡುಗನಿಗೂ ಉಳಿಯುವುದಿಲ್ಲ. ಐಟಿಐ ಮುಗಿಸಿದವನಿಗೆ ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಬೈಕಿನಲ್ಲಿ ಊಟ ತಲುಪಿಸಿದರೆ ಅಷ್ಟೇ ಸಿಗುತ್ತದೆ, ಮೇಸ್ತ್ರಿಯ ಬೈಗುಳವೂ ಇಲ್ಲ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆಗಳಲ್ಲಿ ಟೂಲ್ ಅಂಡ್ ಡೈ, ಅಂದರೆ ಅಚ್ಚು ಮಾಡುವ ಕಸುಬು, ಕಲಿತವರಿಗೆ ಈಗಲೂ ಒಳ್ಳೆಯ ಬೇಡಿಕೆ ಇದೆ, ಆದರೆ ಅಂಥವರ ಸಂಖ್ಯೆ ಬೇಡಿಕೆಯ ಮುಂದೆ ಏನೇನೂ ಅಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ಪಾಳಿಗೆ ದಾರಿ ಮಾಡಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಪಾಳಿ ಉದ್ದವಾದರೆ ಜೋಡಣೆ ಹೆಚ್ಚಬಹುದು. ಕಸುಬು ಕೈಗೆ ಹತ್ತುವುದು ವರ್ಷಗಟ್ಟಲೆ ಒಂದೇ ಕಡೆ ನಿಂತಾಗ, ಗಂಟೆಗಟ್ಟಲೆ ನಿಂತಾಗಲ್ಲ.

ನೆಲದ ಬಗ್ಗೆ ಒಂದೇ ಮಾತು. ಏರೋಸ್ಪೇಸ್ ಪಾರ್ಕಿಗೆಂದು ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ವಶಪಡಿಸಿಕೊಳ್ಳುವ ಪ್ರಸ್ತಾವವನ್ನು ರೈತರ ದೀರ್ಘ ಹೋರಾಟದ ನಂತರ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಕೈಗಾರಿಕೆ ಹೊರರಾಜ್ಯಕ್ಕೆ ಹೋಗುತ್ತದೆ ಎಂಬ ಕೂಗು ಎದ್ದಿತು. ವಿಮಾನದ ಬಿಡಿಭಾಗಕ್ಕೆ ರಾಜಧಾನಿಯ ಪಕ್ಕದ ತರಕಾರಿ, ದ್ರಾಕ್ಷಿ ಬೆಳೆಯುವ ಭೂಮಿಯೇ ಬೇಕೆಂದಿಲ್ಲ. ಬೆಳಗಾವಿಯಲ್ಲಿ ಏಕಸ್ ಕಂಪನಿ ಅದನ್ನು ಮಾಡಿ ತೋರಿಸಿದೆ, ಸುತ್ತಲಿನ ಫೌಂಡ್ರಿ ಮತ್ತು ವರ್ಕ್‌ಶಾಪುಗಳ ಕಸುಬು ಅದರ ಬೆನ್ನಿಗಿತ್ತು.

ಹಾಗಾದರೆ ಸರ್ಕಾರದ ಹಣ ಎಲ್ಲಿಗೆ ಹೋಗಬೇಕು? ಪಿಎಲ್‌ಐಗೆ 14 ವಲಯಗಳಲ್ಲಿ 1.97 ಲಕ್ಷ ಕೋಟಿ ರೂಪಾಯಿ ತೆಗೆದಿಟ್ಟಿದ್ದರು. 2025ರ ಮಧ್ಯದ ಹೊತ್ತಿಗೆ ಪಾವತಿಯಾದದ್ದು ಸುಮಾರು 21,500 ಕೋಟಿ. ಹೆಚ್ಚಿನ ವಲಯಗಳಲ್ಲಿ ಆ ಹಣ ಸಿಗುವುದು ಮಾರಾಟ ಎಷ್ಟು ಹೆಚ್ಚಿತು ಎಂಬುದರ ಮೇಲೆ. ಹೀಗಿರುವಾಗ ಬಿಡಿಭಾಗ ಹೊರಗಿನಿಂದ ತಂದು ಬೇಗ ಜೋಡಿಸಿ ಮಾರುವುದೇ ಜಾಣತನವಾಗುತ್ತದೆ. ಈ ಕೊರತೆ ದೆಹಲಿಗೂ ಅರಿವಾಗಿದೆ. 2025ರ ಮಾರ್ಚಿನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆಂದೇ 22,919 ಕೋಟಿ ರೂಪಾಯಿಯ ಯೋಜನೆ ಬಂತು, ಅದು ಸರಿಯಾದ ಹೆಜ್ಜೆ. ಕಚ್ಚಾಮಾಲಿನ ಆಮದಿಗೆ ಅಡ್ಡಗಾಲಾಗಿದ್ದ ಹಲವು ಗುಣಮಟ್ಟ ಆದೇಶಗಳನ್ನು ಅದೇ ವರ್ಷ ನವೆಂಬರಿನಲ್ಲಿ ಹಿಂದಕ್ಕೆ ಪಡೆದದ್ದೂ ಒಳ್ಳೆಯದಾಯಿತು. ನೂಲು ದುಬಾರಿಯಾದರೆ ಬಟ್ಟೆ ಯಾರು ಮಾಡುತ್ತಾರೆ? ಕಂಟ್ರೋಲರ್, ಬಾಲ್ ಸ್ಕ್ರೂ, ಬೇರಿಂಗುಗಳ ವಿಷಯದಲ್ಲಿ ಮಾತ್ರ ಇಂಥ ಹಟ ಇನ್ನೂ ಕಾಣುತ್ತಿಲ್ಲ. ಅವು ಐದು ವರ್ಷದ ಯೋಜನೆಗೆ ದಕ್ಕುವಂಥವಲ್ಲ. ಫಾನುಕ್ ಇಂದಿನ ಫಾನುಕ್ ಆಗಲು ದಶಕಗಳು ಹಿಡಿದವು. ನಮ್ಮದೇ ಕಂಟ್ರೋಲರ್ ಮೊದಲು ಸಾಧಾರಣ ಲೇತುಗಳಲ್ಲಿ ಕೂರಬೇಕು, ತಪ್ಪು ಮಾಡಬೇಕು, ಐಟಿಐಗಳ ಯಂತ್ರಗಳಲ್ಲಿ ಸಾವಿರಾರು ಗಂಟೆ ಓಡಬೇಕು. ಆ ಮೊದಲ ಗಿರಾಕಿ ಸರ್ಕಾರವೇ ಆಗಬೇಕು, ಹಿಂದೆ ಪೀಣ್ಯಕ್ಕೆ ಎಚ್‌ಎಂಟಿ, ಬಿಇಎಲ್ ಮೊದಲ ಗಿರಾಕಿಗಳಾದಂತೆ.

ಅದಕ್ಕೆ ದಶಕಗಳು ಬೇಕು. ನಾಳೆಯೇ ಮಾಡಬಹುದಾದದ್ದೂ ಒಂದಿದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಆ ವಿವರವನ್ನು ಆರು ತಿಂಗಳಿಗೊಮ್ಮೆ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಬೇಕೆಂಬ ನಿಯಮ 2019ರಿಂದ ಇದೆ. ಯಾರಿಗೆ ಎಷ್ಟು ಬಾಕಿ, ಯಾವಾಗಿನಿಂದ, ಏಕೆ ತಡ ಎಂಬುದೆಲ್ಲ ಆ ಫಾರಂನಲ್ಲಿ ಬರೆದಿರುತ್ತದೆ. ಅದನ್ನು ಕಂಪನಿಯ ಹೆಸರು ಹಾಕಿ ಹುಡುಕಿದರೆ ಮೊಬೈಲಿನಲ್ಲೇ, ಕನ್ನಡದಲ್ಲೇ ಓದಲು ಸಿಗುವಂತೆ ಮಾಡಲಿ. ಆರ್ಡರು ಹಿಡಿಯುವ ಮುನ್ನ, ಯಾರ ಕೆಲಸಕ್ಕೆ ಮುಂಗಡ ಕೇಳಬೇಕು, ಯಾರ ಕೆಲಸ ಬಿಡಬೇಕು ಎಂದು ಶೆಡ್ಡಿನಲ್ಲಿ ಕುಳಿತವರೇ ನೋಡಿಕೊಳ್ಳುತ್ತಾರೆ.